ಎಪ್ಪತ್ತೇಳಕ್ಕೆ ಗಂಟಲು ಕಟ್ಟುವ ಮಿಷನ್ನು: ಸಿಎಚ್341ಎ ಪ್ರೋಗ್ರಾಮರ್ ಜತೆ ನಾಲ್ಕು ವರ್ಷ

2021ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 260 ರೂಪಾಯಿ ಕೊಟ್ಟು ತಂದಿದ್ದು ಇದು, ಕಂಪ್ಯೂಟರಿನಿಂದ ಮೆಮೊರಿ ಚಿಪ್ಪಿಗೆ ಬರೆಯುವ, ಅದರಲ್ಲಿರುವುದನ್ನು ಓದುವ ಸಾಧನ. ಕಪ್ಪು ಬೋರ್ಡು, ಮೇಲೊಂದು ಹಸಿರು ಸಾಕೆಟ್ಟು, ಪಕ್ಕದಲ್ಲಿ ಚಿಪ್ಪನ್ನು ಬಿಗಿ ಹಿಡಿಯುವ ಪುಟ್ಟ ಲಿವರ್. ಒಂದು ಕಡೆ ಯುಎಸ್‌ಬಿ ಮೂತಿ. ಡಬ್ಬಿ ಇಲ್ಲ, ಬಿಲ್ಲು ಇಲ್ಲ, ಯಾರು ಮಾಡಿದ್ದು ಅಂತ ಹೆಸರೂ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಅವತ್ತಿನಿಂದ ಇವತ್ತಿನವರೆಗೆ ನನ್ನ ಟೇಬಲ್ ಮೇಲಿಂದ ಇಳಿದಿಲ್ಲ. ಆದರೂ ಕೊಂಡು ನೇರವಾಗಿ ಬಳಸಿ ಅಂತ ಯಾರಿಗೂ ಹೇಳುವುದಿಲ್ಲ. ಕಾರಣ ಮುಂದೆ ಇದೆ.

ನನ್ನ ಕೆಲಸ ಏನು ಅಂತ ಹೇಳಿದರೆ ಉಳಿದದ್ದು ಅರ್ಥವಾಗುತ್ತದೆ. ತುಮಕೂರಿನಲ್ಲಿ ಕೂತು ಕ್ಲಿನಿಕ್ಕುಗಳಿಗೆ, ಸಣ್ಣ ಸೊಸೈಟಿಗಳಿಗೆ ಟೋಕನ್ ಮಿಷನ್ ಮಾಡಿಕೊಡುತ್ತೇನೆ. ಗುಂಡಿ ಒತ್ತಿದರೆ ಕೆಂಪು ಅಂಕಿ ಬೆಳಗಬೇಕು, ಜತೆಗೆ "ಟೋಕನ್ ಸಂಖ್ಯೆ ನಲವತ್ತೆರಡು, ಒಳಗೆ ಬನ್ನಿ" ಅಂತ ದನಿ ಬರಬೇಕು. ಒಳಗಿರುವುದು 3.3 ವೋಲ್ಟಿನ, 8 ಮೆಗಾಹರ್ಟ್ಸ್‌ನ ಆರ್ಡುಯಿನೋ ಪ್ರೊ ಮಿನಿ ಬೋರ್ಡು. ಅದರ ಮೇಲಿನ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರೇ ಮಿಷನ್ ನಡೆಸುವ ಪುಟ್ಟ ಕಂಪ್ಯೂಟರು. ಅದರ ಸ್ವಂತ ಫ್ಲ್ಯಾಶ್, ಅಂದರೆ ಕರೆಂಟ್ ಹೋದರೂ ಉಳಿಯುವ ಮೆಮೊರಿ, 32 ಕೆಬಿ. ನಾನು ದನಿ ಇಡುವುದು ಸೆಕೆಂಡಿಗೆ 15,625 ಬೈಟಿನ ಲೆಕ್ಕದಲ್ಲಿ. 32 ಕೆಬಿಗೆ ಎರಡು ಸೆಕೆಂಡಿನ ಮಾತೂ ಸರಿಯಾಗಿ ಹಿಡಿಸುವುದಿಲ್ಲ. ಮೊದಲು 8,000 ಬೈಟಿಗೆ ಇಳಿಸಿ ನೋಡಿದ್ದೆ. ಆಗ "ಸಂಖ್ಯೆ" ಅನ್ನುವುದು "ಫಂಖ್ಯೆ" ಅಂತ ಕೇಳಿಸುತ್ತಿತ್ತು. ಹಳೇ ಫೋನಿನಲ್ಲಿ ಸ ಹೋಗಿ ಫ ಆಗುತ್ತದಲ್ಲ, ಅದೇ ಕಥೆ.

ಹಾಗಾಗಿ ಹೊರಗೊಂದು ಮೆಮೊರಿ ಚಿಪ್ ಬೇಕು. ನನ್ನದು ಡಬ್ಲ್ಯು25ಕ್ಯೂ64. ಎಂಟು ಕಾಲಿನದು, 8 ಎಂಬಿ, ಸುಮಾರು ಒಂಬತ್ತು ನಿಮಿಷದ ಮಾತು ಹಿಡಿಸುತ್ತದೆ. ಅಷ್ಟು ಯಾಕೆ ಬೇಕು ಅಂತ ಕೇಳುವವರಿಗೆ ಕನ್ನಡದ ಎಣಿಕೆ ನೆನಪಿಸುತ್ತೇನೆ. ಇಂಗ್ಲಿಷ್ ಆದರೆ ಮೂವತ್ತರೊಳಗಿನ ತುಣುಕು ಇಟ್ಟುಕೊಂಡು 999ರವರೆಗೆ ಜೋಡಿಸಬಹುದು. ತೆಲುಗಲ್ಲೂ "ಇರವೈ ಒಕಟಿ" ಅಂತ ಬಿಡಿಬಿಡಿಯಾಗಿ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕನ್ನಡದಲ್ಲಿ "ಇಪ್ಪತ್ತು ಒಂದು" ಅಂದರೆ ಕಾಯುತ್ತಾ ಕೂತ ಅಜ್ಜಿ ಕೂಡ ನಗುತ್ತಾರೆ. ಇಪ್ಪತ್ತೊಂದು, ಮೂವತ್ತಾರು, ತೊಂಬತ್ತೊಂಬತ್ತು, ಎಲ್ಲ ಬೇರೆ ಬೇರೆಯಾಗಿಯೇ ಹೇಳಿಸಬೇಕು. ಅದರ ಮೇಲೆ ಒಂಟಿಯಾಗಿ ಬಂದರೆ "ನೂರು", ಮುಂದೆ ಅಂಕಿ ಇದ್ದರೆ "ನೂರ". ಇನ್ನೂರು, ಇನ್ನೂರ. ಐನೂರು, ಐನೂರ. ಎಲ್ಲ ಸೇರಿ 117 ತುಣುಕು. ನನ್ನ ಅಕ್ಕ ಟೀಚರು, ದನಿ ಅವಳದೇ. ಕಂಬಳಿ ಹೊದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. "ಲೋ, ಒಂದನೇ ಕ್ಲಾಸ್ ಮಕ್ಕಳಿಗೂ ನಾನು ಇಷ್ಟು ಸಲ ಎಣಿಸಿಲ್ಲ ಕಣೋ" ಅಂತ ಬೈದಳು. ಆಮೇಲೆ ಹಿಂದಿ ಬಂತು, ಇಂಗ್ಲಿಷ್ ಬಂತು, ಪಾವಗಡದ ಕ್ಲಿನಿಕ್ಕಿಗೆ ತೆಲುಗು ಸೇರಿತು. ಒಟ್ಟು 5.5 ಎಂಬಿ ಆಸುಪಾಸು.

ಈ 5.5 ಎಂಬಿಯನ್ನು ಕಂಪ್ಯೂಟರಿನಿಂದ ಚಿಪ್ಪಿಗೆ ದಾಟಿಸುವುದು ಹೇಗೆ? ಪ್ರೋಗ್ರಾಮರ್ ಬರುವ ಮುಂಚೆ ಎಲ್ಲರ ಹಾಗೆ ನಾನೂ ಮೈಕ್ರೋಕಂಟ್ರೋಲರನ್ನೇ ನಡುವೆ ನಿಲ್ಲಿಸಿದ್ದೆ. ಕಂಪ್ಯೂಟರಿನಲ್ಲಿ ಒಂದು ಪೈಥಾನ್ ಸ್ಕ್ರಿಪ್ಟು. ಅದು ಸೀರಿಯಲ್ ತಂತಿಯಲ್ಲಿ 256 ಬೈಟ್ ಕಳಿಸುತ್ತದೆ. ಪ್ರೊ ಮಿನಿ ಅದನ್ನು ತಗೊಂಡು ಚಿಪ್ಪಿಗೆ ಬರೆದು, ಆಯಿತು ಅಂತ ಒಂದು ಅಕ್ಷರ ವಾಪಸ್ ಕಳಿಸುತ್ತದೆ. ಆಮೇಲೆ ಮುಂದಿನ 256. ಹೀಗೆ ಕಾಯಿಸದೆ ಸುಮ್ನೆ ಸುರಿದರೆ ಆಗುವುದಿಲ್ಲ. ಆರ್ಡುಯಿನೋದ ಸೀರಿಯಲ್ ಬಫರ್, ಅಂದರೆ ಬಂದ ಬೈಟುಗಳು ಸರದಿ ಕಾಯುವ ಜಾಗ, 64 ಬೈಟು ಮಾತ್ರ, ಅದು ತುಂಬಿದ ಮೇಲೆ ಬಂದಿದ್ದೆಲ್ಲ ಚೆಲ್ಲಿ ಹೋಗುತ್ತದೆ.

ವೇಗ ಸೆಕೆಂಡಿಗೆ 1,15,200 ಬಿಟ್ ಇಟ್ಟೆ. ಕಸ ಬಂತು. ಎರಡು ದಿನ ತಂತಿ, ಬೆಸುಗೆ, ಕಂಪ್ಯೂಟರು ಎಲ್ಲದರ ಮೇಲೂ ಅನುಮಾನಪಟ್ಟೆ. ಕೊನೆಗೆ ಎಟಿಮೆಗಾದ ಡೇಟಾಶೀಟಿನ (ಚಿಪ್ ಮಾಡಿದವರು ಕೊಡುವ ವಿವರದ) ಬಾಡ್ ರೇಟ್, ಅಂದರೆ ಸೀರಿಯಲ್ ವೇಗದ ಕೋಷ್ಟಕ ತೆಗೆದು ನೋಡಿದರೆ ವಿಷಯ ಅಲ್ಲೇ ಬರೆದಿದೆ. 8 ಮೆಗಾಹರ್ಟ್ಸ್‌ನಲ್ಲಿ ಈ ಚಿಪ್ಪಿಗೆ ನಿಖರ 1,15,200 ಮಾಡಲು ಬರುವುದೇ ಇಲ್ಲ, 3.5 ಶೇಕಡ ತಪ್ಪುತ್ತದೆ. 57,600ಕ್ಕೆ 2.1 ಶೇಕಡ. 38,400ಕ್ಕೆ ಬಂದರೆ 0.2. ಸರಿ, 38,400. ತಂತಿಯಲ್ಲಿ ಒಂದು ಬೈಟಿಗೆ ಶುರು, ಕೊನೆಯ ಗುರುತು ಸೇರಿ ಹತ್ತು ಬಿಟ್, ಅಂದರೆ ಸೆಕೆಂಡಿಗೆ 3,840 ಬೈಟು. ಬರಿ ಲೆಕ್ಕದಲ್ಲೇ 25 ನಿಮಿಷ, ನಡುವಿನ ಕಾಯುವಿಕೆ ಸೇರಿದರೆ ಅರ್ಧ ಗಂಟೆ ದಾಟುತ್ತಿತ್ತು. ಒಂದು ಮಿಷನ್ನಿಗೆ ಪರವಾಗಿಲ್ಲ. ಹತ್ತು ಮಿಷನ್ ಆರ್ಡರ್ ಬಂದ ದಿನ ಎಸ್.ಪಿ. ರೋಡಿಗೆ ಹೊರಟೆ.

ಸಿಎಚ್341ಎಯಲ್ಲಿ ಈಗ ಅದೇ ಕೆಲಸ ಅಳಿಸುವುದು, ಬರೆಯುವುದು, ಸರಿ ಇದೆಯಾ ನೋಡುವುದು ಎಲ್ಲ ಸೇರಿ ಐದು ನಿಮಿಷದ ಆಸುಪಾಸು. ಇದರದ್ದೇನು ಭಾರಿ ವೇಗ ಅಲ್ಲ. ಆದರೆ ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ, ಮೈಕ್ರೋಕಂಟ್ರೋಲರಿನ ಹಂಗಿಲ್ಲ. ನಾನು ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್ ಬಳಸುತ್ತೇನೆ. ಉಚಿತ ತಂತ್ರಾಂಶ, ಟರ್ಮಿನಲ್‌ನಲ್ಲಿ ಒಂದು ಸಾಲು. ಮೊದಲು ಚಿಪ್ಪಿನಲ್ಲಿರುವುದನ್ನು ಓದಿಕೊಂಡು, ಬೇಕಾದ ಕಡೆ ಅಳಿಸಿ ಬರೆದು, ಕೊನೆಗೆ ಮತ್ತೆ ಓದಿ ತಾಳೆ ನೋಡುತ್ತದೆ. ಒಂದೇ ಕಿರಿಕಿರಿ: ಕೊಡುವ ಫೈಲು ಚಿಪ್ಪಿನ ಅಳತೆಗೆ ಸರಿಯಾಗಿರಬೇಕು, 83,88,608 ಬೈಟು. ಒಂದು ಬೈಟು ಕಮ್ಮಿ ಇದ್ದರೂ ತಿರಸ್ಕರಿಸುತ್ತದೆ. ಹಾಗಾಗಿ ಉಳಿದ ಜಾಗವನ್ನು ಎಫ್‌ಎಫ್‌ನಿಂದ (ಹೆಕ್ಸ್, ಅಂದರೆ ಹದಿನಾರರ ಎಣಿಕೆಯಲ್ಲಿ 255; ಅಳಿಸಿದ ಫ್ಲ್ಯಾಶ್‌ನಲ್ಲಿ ಇರುವುದೂ ಇದೇ) ತುಂಬಿಸುವ ಸಾಲನ್ನು ಪೈಥಾನ್ ಸ್ಕ್ರಿಪ್ಟಿಗೆ ಸೇರಿಸಿದೆ. ತುಣುಕುಗಳ ನಡುವಿನ ಸಂದಿಗೆ ಮಾತ್ರ ಎಫ್‌ಎಫ್ ಹಾಕಬೇಡಿ. 8 ಬಿಟ್ ದನಿಯಲ್ಲಿ ಮೌನ ಅಂದರೆ 128, ಹೆಕ್ಸ್‌ನಲ್ಲಿ 80. ಎಫ್‌ಎಫ್ ಇದ್ದರೆ ಸ್ಪೀಕರು "ಟಪ್" ಅನ್ನುತ್ತದೆ. ವಿಂಡೋಸ್‌ನವರು ಆಸ್‌ಪ್ರೋಗ್ರಾಮರ್ ನೋಡಬಹುದು. ತಮ್ಮನ ಲ್ಯಾಪ್‌ಟಾಪಿನಲ್ಲಿ ಬಳಸಿದ್ದೇನೆ, ಚೆನ್ನಾಗಿಯೇ ಇದೆ.

ಈಗ ಆ ಕಾರಣಕ್ಕೆ ಬರುತ್ತೇನೆ. ಡಬ್ಲ್ಯು25ಕ್ಯೂ64 ಕೆಲಸ ಮಾಡುವುದು 2.7ರಿಂದ 3.6 ವೋಲ್ಟಿನಲ್ಲಿ. ಈ ಕಪ್ಪು ಬೋರ್ಡಿನಲ್ಲಿ ಯುಎಸ್‌ಬಿಯ 5 ವೋಲ್ಟನ್ನು 3.3ಕ್ಕೆ ಇಳಿಸುವ ರೆಗ್ಯುಲೇಟರ್ ಇದೆ, ಸಾಕೆಟ್ಟಿನ ಪವರ್ ಕಾಲಿಗೆ 3.3 ವೋಲ್ಟೇ ಬರುತ್ತದೆ. ನೋಡಿದವರು ಸಮಾಧಾನಪಡುತ್ತಾರೆ. ಆದರೆ ಸಿಎಚ್341ಎ ಚಿಪ್ಪಿಗೆ ಮಾತ್ರ ಯುಎಸ್‌ಬಿಯ 5 ವೋಲ್ಟನ್ನೇ ನೇರ ಕೊಟ್ಟಿದ್ದಾರೆ. ಹಾಗಾಗಿ ಮೆಮೊರಿ ಚಿಪ್ಪಿನ ಜತೆ ಮಾತಾಡುವ ಕ್ಲಾಕ್, ಡೇಟಾ, ಚಿಪ್ ಸೆಲೆಕ್ಟ್ ತಂತಿಗಳು 5 ವೋಲ್ಟಿಗೆ ಹಾರುತ್ತವೆ. ಮೀಟರ್ ಹಿಡಿದು ಚಿಪ್ ಸೆಲೆಕ್ಟ್ ಕಾಲು ನೋಡಿದಾಗ ನನಗೆ 4.9 ತೋರಿಸಿತು. ಇದು ಸಿಎಚ್341ಎ ಚಿಪ್ಪಿನ ದೋಷ ಅಲ್ಲ, ಬೋರ್ಡ್ ಬರೆದವರು ಉಳಿಸಿದ ಎರಡು ಗೆರೆಯ ದೋಷ. ಬಹಳಷ್ಟು ಮೆಮೊರಿ ಚಿಪ್ಪುಗಳು ಇದನ್ನು ತಡೆದುಕೊಳ್ಳುತ್ತವೆ, ಅದಕ್ಕೇ ಇದು ಇನ್ನೂ ಮಾರಾಟವಾಗುತ್ತಿದೆ. ಆದರೆ ಚಿಪ್ಪು ಮಿಷನ್ನಿನ ಬೋರ್ಡಿನ ಮೇಲೇ ಇರುವಾಗ ಕ್ಲಿಪ್ ಹಾಕಿದರೆ, ಅದೇ ತಂತಿಗಳಿಗೆ ಅಂಟಿಕೊಂಡ ಬೇರೆಯವರಿಗೂ 5 ವೋಲ್ಟ್ ಹೋಗುತ್ತದಲ್ವಾ?

ಸರಿ ಮಾಡುವುದು ಒಂದು ಸಂಜೆಯ ಕೆಲಸ. ಸಿಎಚ್341ಎಯ 28ನೇ ಕಾಲನ್ನು ಬೆಸುಗೆ ಕಾಯಿಸಿ ಮೆಲ್ಲಗೆ ಮೇಲೆತ್ತಬೇಕು. ಅದಕ್ಕೂ 9ನೇ ಕಾಲಿಗೂ ರೆಗ್ಯುಲೇಟರಿನ 3.3 ವೋಲ್ಟ್ ಕೊಡಬೇಕು. ಎರಡು ಕೂದಲಿನಂಥ ತಂತಿ. ಹೊಲಿಗೆ ಸೂಜಿಯಿಂದ ಕಾಲು ಎತ್ತಿದೆ. ಕೈ ನಡುಗುವವರು ಮೊಬೈಲ್ ರಿಪೇರಿ ಅಂಗಡಿಗೆ ಕೊಡಿ, ಮೈಕ್ರೋಸ್ಕೋಪಿನ ಕೆಳಗೆ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ. ವೋಲ್ಟೇಜ್ ಬದಲಿಸುವ ಸ್ವಿಚ್ ಇರುವ ಹಸಿರು ಬೋರ್ಡುಗಳೂ ಈಗ ಬಂದಿವೆ. ಹೊಸದಾಗಿ ಕೊಳ್ಳುವುದಾದರೆ ಅದನ್ನೇ ಕೇಳಿ, ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ. 1.8 ವೋಲ್ಟಿನ ಚಿಪ್ ಇದ್ದರಂತೂ ಕಪ್ಪು ಬೋರ್ಡಿಗೆ ಅಡಾಪ್ಟರ್ ಇಲ್ಲದೆ ಕೈ ಹಾಕಬೇಡಿ.

ಕ್ಲಿಪ್ ವಿಷಯ. ಚಿಪ್ಪಿನ ಬೆನ್ನಿಗೆ ಬಟ್ಟೆ ಕ್ಲಿಪ್ಪಿನ ಹಾಗೆ ಕಚ್ಚುವ ಅಗ್ಗದ ಕ್ಲಿಪ್ಪು ಸೆಟ್ಟಿನಲ್ಲಿ ಬರುತ್ತದೆ. ನಾಲ್ಕು ವರ್ಷದಲ್ಲಿ ಮೂರು ಬದಲಿಸಿದ್ದೇನೆ. ಒಳಗಿನ ಹಲ್ಲು ಅಗಲವಾಗಿ ಒಂದು ಕಾಲು ಸಿಗುವುದಿಲ್ಲ. ಆಗ ಚಿಪ್ಪಿನ ಗುರುತು ಕೇಳಿದರೆ ಇಎಫ್ 40 17 ಬರುವ ಬದಲು ಬರೀ ಎಫ್‌ಎಫ್ ಬರುತ್ತದೆ, ಇಲ್ಲ ಸೊನ್ನೆ ಬರುತ್ತದೆ. ಚಿಪ್ ಸತ್ತಿದೆ ಅಂತ ಗಾಬರಿ ಬೀಳಬೇಡಿ, ಕ್ಲಿಪ್ ತೆಗೆದು ಮತ್ತೆ ಕಚ್ಚಿಸಿ. ಕೆಂಪು ತಂತಿ ಒಂದನೇ ಕಾಲಿಗೆ, ಅಂದರೆ ಚಿಪ್ಪಿನ ಮೇಲೆ ಚುಕ್ಕೆ ಇರುವ ಕಡೆ. ಇದನ್ನು ಒಂದು ರಾತ್ರಿ ಹನ್ನೊಂದು ಗಂಟೆಗೆ ತಿರುಗುಮುರುಗಾಗಿ ಹಾಕಿದ್ದೆ. ರೆಗ್ಯುಲೇಟರ್ ಮುಟ್ಟಿದರೆ ಬೆರಳು ಚುರ್ ಅಂದಿತು. ಚಿಪ್ಪು ಹೋಯಿತು, ಪ್ರೋಗ್ರಾಮರ್ ಉಳಿಯಿತು.

ಬೋರ್ಡಿನ ಮೇಲಿರುವ ಚಿಪ್ಪಿಗೇ ಬರೆಯುವಾಗ ಇನ್ನೊಂದು ತಾಪತ್ರಯ. ಕ್ಲಿಪ್ಪಿನಿಂದ ಹೋದ ಕರೆಂಟಿಗೆ ಎಟಿಮೆಗಾ ಕೂಡ ಎಚ್ಚರವಾಗುತ್ತದೆ. ಎದ್ದವನು ಸುಮ್ಮನಿರುತ್ತಾನಾ? ಮೆಮೊರಿ ಚಿಪ್ಪಿನ ಜತೆ ತಾನೂ ಮಾತಾಡಲು ಶುರು ಮಾಡುತ್ತಾನೆ. ಇಬ್ಬರು ಒಂದೇ ತಂತಿ ಎಳೆದರೆ ಓದಿದ್ದೆಲ್ಲ ಕಸ. ಉಪಾಯ ಸುಲಭ: ರೀಸೆಟ್ ಕಾಲನ್ನು ಗ್ರೌಂಡಿಗೆ ಒಂದು ಜಂಪರ್‌ನಿಂದ ಹಿಡಿದಿಡಿ. ರೀಸೆಟ್‌ನಲ್ಲಿರುವ ತನಕ ಎಟಿಮೆಗಾ ತನ್ನ ಕಾಲುಗಳನ್ನು ಬಿಟ್ಟುಕೊಟ್ಟಿರುತ್ತದೆ. ಮಿಷನ್ನಿನ ಸ್ವಂತ ಅಡಾಪ್ಟರ್ ತೆಗೆದಿರಬೇಕು, ಇದು ಬೇರೆ ಹೇಳಬೇಕಾಗಿಲ್ಲ. ಈಗ ನನ್ನ ಬೋರ್ಡಿನಲ್ಲಿ ಇದಕ್ಕೇ ಎರಡು ಪಿನ್ ಬಿಟ್ಟಿದ್ದೇನೆ.

ಇನ್ನು ಎಪ್ಪತ್ತೇಳರ ಕಥೆ. ಪಾವಗಡದಿಂದ ಕಾಂಪೌಂಡರ್ ಫೋನ್ ಮಾಡಿದರು. "ಸಾರ್, ಎಲ್ಲಾ ಸರಿ ಐತೆ. ಎಪ್ಪತ್ತೇಳು ಬಂದ್ರೆ ಮಾತ್ರ ಮಿಷನ್ನಿಗೆ ಗಂಟಲು ಕಟ್ಟುತ್ತೆ." ಫೋನಿನಲ್ಲೇ ಕೇಳಿಸಿದರು. ನಿಜ, ಅಕ್ಕನ ದನಿ ಗರಗರ ಅನ್ನುತ್ತಿದೆ. ಈ ಮಿಷನ್ ಪಾವಗಡಕ್ಕೆ ಹೋಗುವ ಮುಂಚೆ ಎಪ್ಪತ್ತೇಳನ್ನು ಮತ್ತೆ ರೆಕಾರ್ಡ್ ಮಾಡಿಸಿ, ಅದೊಂದನ್ನೇ ಹಳೇ ಸೀರಿಯಲ್ ದಾರಿಯಲ್ಲಿ ಚಿಪ್ಪಿನ ಕೊನೆಯ ಖಾಲಿ ಜಾಗಕ್ಕೆ ಹಾಕಿದ್ದೆ. ಚೆಕ್‌ಸಮ್, ಅಂದರೆ ಕಳಿಸಿದ್ದೂ ತಲುಪಿದ್ದೂ ಒಂದೇನಾ ಅಂತ ನೋಡುವ ಲೆಕ್ಕ, ಸರಿಯಾಗಿಯೇ ಬಂದಿತ್ತು. ಹಾಗಾದರೆ ತಪ್ಪೆಲ್ಲಿ?

ಮಿಷನ್ ತರಿಸಿ, ಕ್ಲಿಪ್ ಕಚ್ಚಿಸಿ, ಪೂರ್ತಿ 8 ಎಂಬಿ ಕಂಪ್ಯೂಟರಿಗೆ ಓದಿಕೊಂಡೆ. ಹೆಕ್ಸ್ ಎಡಿಟರಿನಲ್ಲಿ ಒಂದು ಕಡೆ ಚಿಪ್ಪಿನದು, ಇನ್ನೊಂದು ಕಡೆ ನನ್ನ ಫೈಲು. ಪ್ರತಿ 256 ಬೈಟಿನಲ್ಲಿ ಮೊದಲ 64 ಬೈಟು ಅದಲುಬದಲು. ಅಳತೆ ಹಿಡಿದು ಕತ್ತರಿಸಿದ ಹಾಗೆ! ಆಗ ಹೊಳೆಯಿತು. ಈ ಚಿಪ್ಪಿಗೆ ಬರೆಯುವುದು 256 ಬೈಟಿನ ಪುಟದ ಲೆಕ್ಕದಲ್ಲಿ. ಪುಟದ ನಡುವಿನಿಂದ ಶುರು ಮಾಡಿ 256 ಬೈಟು ಕಳಿಸಿದರೆ, ಪುಟ ಮುಗಿದ ಮೇಲೆ ಉಳಿದದ್ದು ಮುಂದಿನ ಪುಟಕ್ಕೆ ಹೋಗುವುದಿಲ್ಲ. ಅದೇ ಪುಟದ ತಲೆಗೆ ಸುತ್ತಿ ಬರುತ್ತದೆ. ಉಳಿದ ತುಣುಕುಗಳನ್ನೆಲ್ಲ 256ರ ಗುಣಕಕ್ಕೆ ಕೂರಿಸಿದ್ದೆ, ಇದೊಂದನ್ನು ಅವಸರದಲ್ಲಿ 64 ಬೈಟು ಆಚೆಯಿಂದ ಶುರು ಮಾಡಿದ್ದೆ. ಮೊದಲ ಪುಟದಲ್ಲಿ ಅದಕ್ಕೂ ಮುಂಚೆ ಇದ್ದ "ಒಳಗೆ ಬನ್ನಿ"ಯ ಬಾಲವೂ ಕೆಟ್ಟಿತ್ತು. ಫ್ಲ್ಯಾಶ್‌ನಲ್ಲಿ ಅಳಿಸದೆ ಮೇಲೆ ಬರೆದರೆ ಒಂದು ಇದ್ದದ್ದು ಸೊನ್ನೆ ಆಗುತ್ತದೆ, ಸೊನ್ನೆ ಮತ್ತೆ ಒಂದಾಗುವುದಿಲ್ಲ. ಹಾಗಾದರೆ ಚೆಕ್‌ಸಮ್? ನಾನು ಅದನ್ನು ಲೆಕ್ಕ ಹಾಕಿದ್ದು ಎಟಿಮೆಗಾಕ್ಕೆ ಬಂದ ಬೈಟುಗಳ ಮೇಲೆ, ಚಿಪ್ಪಿನಿಂದ ವಾಪಸ್ ಓದಿದ್ದರ ಮೇಲಲ್ಲ. ದಾರಿಯಲ್ಲಿ ಎಲ್ಲ ಸರಿ ಇತ್ತು, ಮನೆಯಲ್ಲಿ ಕೆಟ್ಟಿತ್ತು.

ನನಗೆ ಈ 260 ರೂಪಾಯಿಯ ನಿಜವಾದ ಬೆಲೆ ಗೊತ್ತಾಗಿದ್ದು ಅವತ್ತು. ಬರೆಯುವ ವೇಗಕ್ಕಿಂತ, ಚಿಪ್ಪಿನೊಳಗೆ ನಿಜವಾಗಿ ಏನಿದೆ ಅಂತ ತೆಗೆದು ತೋರಿಸುವ ಗುಣ ದೊಡ್ಡದು. ಈಗಲೂ ಪ್ರತಿ ಚಿಪ್ಪನ್ನು ಎರಡು ಸಲ ಓದಿ, ಎರಡೂ ಒಂದೇ ಇದ್ದರೆ ಮಾತ್ರ ನಂಬುತ್ತೇನೆ. ಕ್ಲಿಪ್ಪಿನ ತಂತಿಯನ್ನು ಒಂದು ಗೇಣಿಗಿಂತ ಕಮ್ಮಿ ಮಾಡಿಕೊಂಡ ಮೇಲೆ ಎರಡನೇ ಓದು ಬೇರೆ ಬಂದಿದ್ದು ನೆನಪಿಲ್ಲ.

ಹಾಗಂತ ಸೀರಿಯಲ್ ದಾರಿಯನ್ನು ಕಿತ್ತು ಹಾಕಿಲ್ಲ. ಕ್ಲಿನಿಕ್ಕಿನಲ್ಲಿ ಹೊಸ ಡಾಕ್ಟರ್ ಬಂದರು, ಅವರ ಹೆಸರು ಸೇರಿಸಬೇಕು ಅಂದರೆ ಗೋಡೆಯ ಮೇಲಿನ ಮಿಷನ್ ಬಿಚ್ಚಿ, ಏಣಿ ಮೇಲೆ ನಿಂತು ಕ್ಲಿಪ್ ಕಚ್ಚಿಸುವುದು ಯಾರಿಗೆ ಬೇಕು? ಮೂರು ಸೆಕೆಂಡಿನ ಮಾತು ಅಂದರೆ 47 ಕೆಬಿಯೂ ಇಲ್ಲ, 38,400ರಲ್ಲಿ ಹದಿಮೂರು ಸೆಕೆಂಡಿನಲ್ಲಿ ಹೋಗುತ್ತದೆ. ಕೆಳಗೆ ಒಂದು ಸಾಕೆಟ್ ಇಟ್ಟಿದ್ದೇನೆ, ಲ್ಯಾಪ್‌ಟಾಪ್ ಸಿಕ್ಕಿಸಿದರೆ ಆಯಿತು. ಹೊಸ ತುಣುಕು ಎಲ್ಲಿ ಶುರುವಾಗಬೇಕು ಅಂತ ಈಗ ಸ್ಕ್ರಿಪ್ಟೇ ನೋಡಿಕೊಳ್ಳುತ್ತದೆ, ಚಿಪ್ಪಿನಿಂದ ವಾಪಸ್ ಓದಿಯೇ ಚೆಕ್‌ಸಮ್ ಹಾಕುತ್ತದೆ. ಎಸ್‌ಡಿ ಕಾರ್ಡ್ ಹಾಕಬಾರದಿತ್ತಾ ಅಂತ ಕೆಲವರು ಕೇಳುತ್ತಾರೆ. ಹಾಕಿದ್ದೆ. ಧೂಳಿಗೆ ಕಾರ್ಡಿನ ಬಾಯಿ ಸಡಿಲವಾಗಿ ಮಿಷನ್ ಮೂಕವಾಗುತ್ತಿತ್ತು. ಬೆಸುಗೆ ಹಾಕಿದ ಚಿಪ್ಪು ಅಲ್ಲಾಡುವುದಿಲ್ಲ.

ಹೋದ ತಿಂಗಳು ಎರಡನೇ ಪ್ರೋಗ್ರಾಮರ್ ತಂದೆ, ಸ್ವಿಚ್ ಇರುವ ಹಸಿರು ಬೋರ್ಡು. ತಂದ ತಕ್ಷಣ ಚಿಪ್ ಸೆಲೆಕ್ಟ್ ಕಾಲಿಗೆ ಮೀಟರ್ ಹಿಡಿದೆ. 3.3.