ಯುಎಸ್‌ಬಿ ಅಡಾಪ್ಟರ್ ತಗೊಳ್ಳುವ ಲಿನಕ್ಸ್‌ನವರು ಇದನ್ನು ಓದಿ ಮತ್ತೆ ಹೋಗಿ

ಲ್ಯಾಪ್‌ಟಾಪಿಗೆ ಎರಡನೇ ಮಾನಿಟರ್ ಹಾಕ್ಲಿಕ್ಕೆ ಹೋಗಿ ನನಗೆ 3,950 ರೂಪಾಯಿ ಹೋಯ್ತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಆ ಅಂಗಡಿಯವರು ಕೊಟ್ಟ ಉತ್ತರಕ್ಕೆ.

ಮಾನಿಟರ್ ಚುಚ್ಚುವ ಎಚ್‌ಡಿಎಂಐ ಪೋರ್ಟ್ ಲೂಸ್ ಆಗಿತ್ತು ಅಂತ ಕಾಸರಗೋಡು ಪೇಟೆಗೆ ಹೋದೆ. ಹೋದವನೇ ಮೊದಲು ಹೇಳಿದ್ದು ಇದರಲ್ಲಿರುವುದು ವಿಂಡೋಸ್ ಅಲ್ಲ, ಉಬುಂಟು ಅನ್ನುವ ಲಿನಕ್ಸ್, ಅದಕ್ಕೆ ಆಗುವಂಥದ್ದೇ ಕೊಡಿ ಅಂತ. ಎರಡು ಸಲ ಹೇಳಿದ್ದೇನೆ. "ಎಲ್ಲದಕ್ಕೂ ಆಗ್ತದೆ ಮಾಷ್ಟ್ರೇ, ಚುಚ್ಚಿದ್ರೆ ಸಾಕು" ಅಂತ ಯುಎಸ್‌ಬಿಯಿಂದ ಮಾನಿಟರಿಗೆ ಹಾಕುವ 2,850ರ ಅಡಾಪ್ಟರ್ ಕೊಟ್ರು. ಚುಚ್ಚಿದ್ರೆ ಎಂತದೂ ಬರ್ಲಿಲ್ಲ, ಆಗ ಅಲ್ಲಿಯ ಹುಡುಗ ನೆಟ್‌ನಿಂದ ಏನೋ ಇಳಿಸಿ ಹಾಕಿದ, ಸ್ಕ್ರೀನ್ ಬಂತು, ನಾನು ಖುಷಿಯಲ್ಲಿ ಬದಿಯಡ್ಕದ ಬಸ್ ಹತ್ತಿದೆ. ಚುಚ್ಚಿದ್ರೆ ಸಾಕು ಅಂದದ್ದಕ್ಕೆ ಇಷ್ಟೆಲ್ಲ ಯಾಕೆ ಅಂತ ಆಗಲೇ ಕೇಳ್ಬೇಕಿತ್ತು.

ಮನೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿ ತೆಗೆದ್ರೆ ಸ್ಕ್ರೀನ್ ಇಲ್ಲ, ಕಿತ್ತು ಪುನಃ ಹಾಕಿದ್ರೆ ಉಂಟು, ಮೂರನೇ ವಾರ ಅಪ್‌ಡೇಟ್ ಆದ ಮರುದಿನ ಪೂರ್ತಿ ಕಪ್ಪು. ಫೋನ್ ಮಾಡಿದ್ರೆ "ಪವರ್ ಸಾಕಾಗುದಿಲ್ಲ, ಹಬ್ ಹಾಕಿ." 1,100ರ ಹಬ್ ತಂದೆ, ಆಗ್ಲಿಲ್ಲ. ಮತ್ತೆ "ನಿಮ್ಮ ಬೋರ್ಡೇ ವೀಕ್." ಹೊತ್ತುಕೊಂಡು ಹೋದ್ರೆ ಅಂಗಡಿ ತುಂಬ ಜನರ ಎದುರು "ಈಗ ಲಿನಕ್ಸ್ ಯಾರು ಹಾಕ್ತಾರೆ ಮಾಷ್ಟ್ರೇ, ವಿಂಡೋಸ್ ಹಾಕುವ, 800 ಆಗ್ತದೆ." ಅಲ್ಲಿ ನನ್ನ ಹಳೇ ವಿದ್ಯಾರ್ಥಿಗಳಿಬ್ಬರು ಇದ್ರು, ನಾನೇ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ನಿಂತೆ. ಯಾರು ಹಾಕ್ತಾರೆ ಅಂದ್ರೆ ಎಂತದು! ನಮ್ಮ ಹೈಸ್ಕೂಲು ಲ್ಯಾಬಲ್ಲಿ ಇರುವುದೇ ಕೇರಳ ಸರಕಾರದ ಶಾಲಾ ಐಟಿ ಸಂಸ್ಥೆ ಕೈಟ್‌ನವರ ಉಬುಂಟು, ಹತ್ತನೇ ಕ್ಲಾಸಿನವರು ಐಟಿ ಪರೀಕ್ಷೆ ಮಾಡುವುದೂ ಅದರಲ್ಲೇ.

ರಜೆಗೆ ಬಂದ ತಂಗಿಯ ಮಗ ಯುಎಸ್‌ಬಿಗೆ ಚುಚ್ಚಿದ್ದು ಎಂತದು ಅಂತ ತೋರಿಸುವ ಎಲ್‌ಎಸ್‌ಯುಎಸ್‌ಬಿ ಅಂತ ಕಮಾಂಡ್ ಕೊಟ್ಟ, 17ಇ9 ಅಂತ ನಂಬರ್ ಬಂತು. "ಮಾವ, ಇದು ಡಿಸ್ಪ್ಲೇಲಿಂಕ್ ಚಿಪ್" ಅಂದ. ಲಿನಕ್ಸಲ್ಲಿ ಅದಕ್ಕೆ ಬೇರೆ ಡ್ರೈವರ್ ಹಾಕ್ಬೇಕು, ಜೊತೆಗೆ ಕರ್ನಲ್ ಅಂದ್ರೆ ಲಿನಕ್ಸಿನ ತಿರುಳಿಗೆ ಸೇರುವ ಇವಿಡಿಐ ಅನ್ನುವ ಮಾಡ್ಯೂಲ್, ಅಪ್‌ಡೇಟಲ್ಲಿ ಕರ್ನಲ್ ಬದಲಾದಾಗಲೆಲ್ಲ ಅದು ಪುನಃ ಬಿಲ್ಡ್ ಆಗ್ಬೇಕು. ಅಂಗಡಿಯ ಹುಡುಗ ಹಾಕಿದ್ದು ಹಳೇ ವರ್ಷನ್, ಹೊಸ ಕರ್ನಲ್ಲಿಗೆ ಬಿಲ್ಡೇ ಆಗಿರ್ಲಿಲ್ಲ. ತಂಗಿಯ ಮಗ ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಗ್ರಬ್ ಮೆನುವಲ್ಲಿ ಹಳೇ ಕರ್ನಲ್ ಆರಿಸಿದ, ಸ್ಕ್ರೀನ್ ಬಂತು! ಬೋರ್ಡೂ ಅಲ್ಲ, ಪವರೂ ಅಲ್ಲ. ಮತ್ತೆ ಟೈಪ್ ಸಿ ತೂತಿನ ಪಕ್ಕ ಡಿಸ್ಪ್ಲೇಪೋರ್ಟಿನ ಸಣ್ಣ ಗುರುತು ತೋರಿಸಿದ, ಆ ತೂತಿಂದಲೇ ಮಾನಿಟರಿಗೆ ಚಿತ್ರ ಹೋಗ್ತದೆ ಅಂತ ಅದರ ಅರ್ಥ. ಅಲ್ಲಿಂದ ಎಚ್‌ಡಿಎಂಐಗೆ 650ರ ಒಂದು ಕೇಬಲ್ ಹಾಕಿದ್ದು, ಬೇರೆ ಡ್ರೈವರ್ ಎಂತದೂ ಬೇಡ, ಈಗ ಒಂದು ಸಲವೂ ಕಪ್ಪಾಗಿಲ್ಲ. ಆ ತೂತು ಮೊದಲ ದಿನವೇ ಅಂಗಡಿಯವರ ಕಣ್ಣೆದುರು ಇತ್ತು.

ವಾಪಸ್ ಕೊಡ್ಲಿಕ್ಕೆ ಹೋದ್ರೆ "ಬಾಕ್ಸ್ ಒಡೆದದ್ದು ತಗೊಳ್ಳುದಿಲ್ಲ." ಲಿನಕ್ಸ್ ಅಂತ ಎರಡು ಸಲ ಹೇಳಿದ್ದೆನಲ್ಲ ಅಂದೆ. "ಬಿಲ್ಲಲ್ಲಿ ಉಂಟಾ?" ಅಂದ್ರು. ಬಿಲ್ಲಲ್ಲಿ ಇಲ್ಲ.

ಚಿಪ್ ಯಾವುದು ಕೇಳಿ, ಟೈಪ್ ಸಿ ಪಕ್ಕದ ಗುರುತು ಮೊದಲು ನೋಡಿ, ಲಿನಕ್ಸಲ್ಲಿ ನಡೀದಿದ್ರೆ ವಾಪಸ್ ಅಂತ ಬಿಲ್ಲಲ್ಲೇ ಬರೆಸಿ. ಬರೆದು ಕೊಡುದಿಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ ಮಾರಾಯ್ರೆ.