ಮೊದಲ ಮೆಕ್ಯಾನಿಕಲ್ ಕೀಬೋರ್ಡ್: ಕೈಯಲ್ಲಿರುವ ಸ್ವಲ್ಪ ದುಡ್ಡು ಯಾವುದಕ್ಕೆ ಹೋಗಬೇಕು?

ಡಬ್ಬದ ಮೇಲೆ ‘ಮೆಕ್ಯಾನಿಕಲ್ ಫೀಲ್’ ಎಂದಿದ್ದರೆ ಅದನ್ನು ಅಲ್ಲೇ ಬಿಡಿ. ಅದರ ಕೀಕ್ಯಾಪ್, ಅಂದರೆ ಕೀಯ ಮೇಲಿನ ಪ್ಲಾಸ್ಟಿಕ್ ಟೋಪಿ, ಕಿತ್ತು ನೋಡಿದರೆ ಒಳಗಿರುವುದು ಮಾಮೂಲಿ ರಬ್ಬರ್ ಹಾಳೆ. ನಿಜವಾದ ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ಬೇರೆ ಬೇರೆ ಸ್ವಿಚ್ ಇರುತ್ತದೆ: ಒಂದು ಸ್ಪ್ರಿಂಗ್, ಲೋಹದ ಎರಡು ಎಲೆ, ಮೇಲೆ ಅಧಿಕ ಚಿಹ್ನೆಯ ಆಕಾರದ ಕಡ್ಡಿ.

ಅಗ್ಗದ ಸಾಲಿನಲ್ಲಿ ಪದೇ ಪದೇ ಕಣ್ಣಿಗೆ ಬೀಳುವ ಹೆಸರುಗಳು ಎರಡು. ರೆಡ್‌ರಾಗನ್ ಕೆ552ರಲ್ಲಿ 87 ಕೀಗಳಿವೆ. ನಂಬರ್ ಪ್ಯಾಡ್ ಒಂದಿಲ್ಲ, ಉಳಿದದ್ದೆಲ್ಲ ಕೈಗೆ ಅಭ್ಯಾಸವಾದ ಜಾಗದಲ್ಲೇ ಇದೆ. ರಾಯಲ್ ಕ್ಲಡ್ಜ್ ಆರ್‌ಕೆ61ರಲ್ಲಿ ಬರೀ 61. ಬಾಣದ ಕೀಗಳೂ ಇಲ್ಲ, ಎಫ್1ರಿಂದ ಎಫ್12ರವರೆಗಿನ ಸಾಲೂ ಇಲ್ಲ, ಎಲ್ಲಕ್ಕೂ ಎಫ್‌ಎನ್ (Fn) ಕೀ ಹಿಡಿದು ಇನ್ನೊಂದು ಕೀ ಒತ್ತಬೇಕು. ಚೆಂದವಾಗಿ ಕಾಣುತ್ತದೆ, ನಿಜ. ಆದರೆ ದಿನವಿಡೀ ಬರಹ ತಿದ್ದುವವರಿಗೆ, ಎಕ್ಸೆಲ್‌ನಲ್ಲಿ ಕೆಲಸ ಮಾಡುವವರಿಗೆ ಅದು ಕಿರಿಕಿರಿಯೇ. ಮೊದಲ ಕೀಬೋರ್ಡ್ ಆಗಿ 87 ಕೀಗಳದ್ದನ್ನೇ ತೆಗೆದುಕೊಳ್ಳಿ. ಮೇಜು ತೀರಾ ಚಿಕ್ಕದಾದರೆ ಬಾಣದ ಕೀಗಳನ್ನು ಉಳಿಸಿಕೊಂಡಿರುವ 68 ಕೀಗಳದ್ದು ಸಾಕು.

ಸ್ವಿಚ್ ವಿಷಯದಲ್ಲಿ ಬಣ್ಣಗಳ ಹೆಸರೇ ಬಳಕೆಯಲ್ಲಿದೆ. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್‌ಗಳು ಹಾಕಿಕೊಟ್ಟ ಲೆಕ್ಕ ಇದು: ಕೆಂಪು ನುಣ್ಣಗೆ ನೇರ ಇಳಿಯುತ್ತದೆ, ಸುಮಾರು 45 ಗ್ರಾಂ ಒತ್ತಡ ಸಾಕು, ಕಂದು ಮಧ್ಯದಲ್ಲಿ ಸಣ್ಣ ಉಬ್ಬು ತೋರಿಸುತ್ತದೆ, 55, ನೀಲಿ ಉಬ್ಬಿನ ಜೊತೆ ‘ಟಿಕ್’ ಎನ್ನುತ್ತದೆ, 60. ಮೂರೂ ಒಟ್ಟು ಇಳಿಯುವುದು 4 ಮಿ.ಮೀ., ಅಕ್ಷರ ದಾಖಲಾಗುವುದು ಹೆಚ್ಚುಕಡಿಮೆ ಅರ್ಧದಾರಿಯಲ್ಲಿ. ಗೇಟೆರಾನ್, ಕೈಲ್, ಔಟೆಮು ಎಂಬ ಬೇರೆ ಸ್ವಿಚ್ ಕಂಪನಿಗಳೂ ಇದೇ ಬಣ್ಣಗಳನ್ನು ಅನುಸರಿಸುತ್ತವೆ, ಅಂಕಿಗಳು ಮಾತ್ರ ಅಲ್ಪಸ್ವಲ್ಪ ಬೇರೆ. ಅಗ್ಗದಲ್ಲಿ ನುಣುಪು ಬೇಕೆಂದರೆ ಗೇಟೆರಾನ್ ಹಳದಿಗೆ ಸಾಟಿ ಸಿಗುವುದು ಕಷ್ಟ. ಪಕ್ಕದಲ್ಲಿ ಯಾರಾದರೂ ಮಲಗುವ ಕೋಣೆಯಾದರೆ ನೀಲಿ ದಯವಿಟ್ಟು ಬೇಡ.

ಇಷ್ಟು ಓದಿ ಆರಿಸಿದರೂ ಮೊದಲ ಸ್ವಿಚ್ ಬೆರಳಿಗೆ ಒಗ್ಗದೇ ಹೋಗಬಹುದು. ಒತ್ತಿ ನೋಡದೆ ಗೊತ್ತಾಗುವ ಸಂಗತಿಯಲ್ಲ ಅದು. ಹಾಗಾಗಿ ದುಡ್ಡು ಹೋಗಬೇಕಾದ್ದು ಹಾಟ್‌ಸ್ವಾಪ್ ಸಾಕೆಟ್‌ಗೆ, ಅಂದರೆ ಬೆಸುಗೆಯಿಲ್ಲದೆ ಸ್ವಿಚ್ ಕೂರಿಸಿ ಕೀಳಬಹುದಾದ ಗೂಡಿಗೆ. ಬೆಸುಗೆ ಹಾಕಿದ ಬೋರ್ಡ್‌ನಲ್ಲಿ ಒಂದು ಸ್ವಿಚ್ ಕೆಟ್ಟರೂ ಬೆಸುಗೆ ಕಡ್ಡಿ ಹಿಡಿಯಬೇಕು. ಸಾಕೆಟ್ ಇದ್ದರೆ ಕಿತ್ತು ಬೇರೆ ಹಾಕುವುದು ನಿಮಿಷದ ಕೆಲಸ. ವಿವರಣೆಯನ್ನು ಕೊನೆಯ ಸಾಲಿನವರೆಗೂ ಓದಿ, ಯಾಕೆಂದರೆ ಆರ್‌ಕೆ61 ಎಂಬ ಒಂದೇ ಹೆಸರಿನಲ್ಲಿ ಹಾಟ್‌ಸ್ವಾಪ್ ಇರುವುದೂ ಇಲ್ಲದ್ದೂ ಎರಡೂ ಬಂದಿವೆ. ಕೆಲವು ಅಗ್ಗದ ಬೋರ್ಡ್‌ಗಳ ಸಾಕೆಟ್ ಔಟೆಮುವಿನ ಸಪೂರ ಪಿನ್‌ಗಳಿಗೆ ಮಾತ್ರ ಒಗ್ಗುತ್ತದೆ. ಅಲ್ಲಿ ಗೇಟೆರಾನ್ ಸ್ವಿಚ್ ತುರುಕಿದರೆ ಸಾಕೆಟ್ಟೇ ಹಾಳಾಗುತ್ತದೆ. 5 ಪಿನ್ ಸ್ವಿಚ್ 3 ಪಿನ್ ಬೋರ್ಡ್‌ಗೆ ಕೂರದಿದ್ದರೆ ಹೆದರಬೇಡಿ: ಪಕ್ಕದ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿದರಾಯಿತು.

ಸ್ವಿಚ್ ಕೂರಿಸುವಾಗ ಅವಸರ ಬೇಡ. ಲೋಹದ ಎರಡು ಪಿನ್ ನೆಟ್ಟಗಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಸ್ವಿಚ್ಚನ್ನು ಓರೆ ಮಾಡದೆ ಮೇಲಿಂದ ನೇರವಾಗಿ ಒತ್ತಿ. ಬಾಗಿದ ಪಿನ್ ಸಾಕೆಟ್ ಒಳಗೆ ಹೋಗದೆ ಸ್ವಿಚ್ಚಿನ ತಳದಲ್ಲಿ ಮಡಚಿಕೊಳ್ಳುತ್ತದೆ. ಮೇಲಿಂದ ಎಲ್ಲ ಸರಿ ಕಾಣುತ್ತದೆ, ಕೀ ಮಾತ್ರ ಸತ್ತಿರುತ್ತದೆ. ಹೊರತೆಗೆದು ಚಿಮಟದಿಂದ ನೆಟ್ಟಗೆ ಮಾಡಿದರೆ ಹೆಚ್ಚಾಗಿ ಬದುಕಿಕೊಳ್ಳುತ್ತದೆ.

ಅಗ್ಗದ ಕೀಬೋರ್ಡ್‌ಗಳ ನಿಜವಾದ ದೋಷ ಇರುವುದು ಸ್ಪೇಸ್‌ಬಾರ್ ಅಡಿಯಲ್ಲಿ. ಉದ್ದನೆಯ ಕೀ ಎರಡೂ ತುದಿಯಲ್ಲಿ ಸಮನಾಗಿ ಇಳಿಯಲೆಂದು ಒಂದು ತಂತಿ ಹಾಕಿರುತ್ತಾರೆ, ಅದೇ ಸ್ಟೆಬಿಲೈಸರ್. ತಂತಿಯ ತುದಿ ಪ್ಲಾಸ್ಟಿಕ್ಕಿಗೆ ಬಡಿದು ತಗಡಿನ ಡಬ್ಬ ಅಲ್ಲಾಡಿಸಿದಂತೆ ಗಲಗಲ ಎನ್ನುತ್ತದೆ. ಮದ್ದು ಸುಲಭ: ಕೀಕ್ಯಾಪ್ ತೆಗೆದು, ತಂತಿ ಪ್ಲಾಸ್ಟಿಕ್ ಒಳಗೆ ಸೇರುವ ಜಾಗಕ್ಕೆ ಡೈಎಲೆಕ್ಟ್ರಿಕ್ ಗ್ರೀಸ್ ಅನ್ನು ಹಲ್ಲುಕಡ್ಡಿಯ ತುದಿಯಷ್ಟು ಹಚ್ಚಿ, ಹತ್ತಿಪ್ಪತ್ತು ಸಲ ಒತ್ತಿ. ಗ್ರೀಸ್ ಹೆಚ್ಚಾದರೆ ಕೀ ಮೇಲೇಳುವುದು ನಿಧಾನವಾಗುತ್ತದೆ. ಅಡುಗೆ ಎಣ್ಣೆ ಮಾತ್ರ ಹಾಕಲೇಬೇಡಿ, ಕಾಲ ಕಳೆದಂತೆ ಅಂಟಾಗಿ ಧೂಳು ಹಿಡಿಯುತ್ತದೆ.

ಕೀಕ್ಯಾಪ್ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದಾದರೆ ಬಳಸಿದಂತೆ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತದೆ. ಪಿಬಿಟಿ ಎಂಬ ಇನ್ನೊಂದು ಪ್ಲಾಸ್ಟಿಕ್ ಹೆಚ್ಚು ಕಾಲ ಒರಟಾಗೇ ಉಳಿಯುತ್ತದೆ. ಎಬಿಎಸ್ ಎಂಬ ಒಂದೇ ಕಾರಣಕ್ಕೆ ಬೋರ್ಡ್ ತಿರಸ್ಕರಿಸಬೇಕಿಲ್ಲ, ಮುಂದೆ ಬದಲಿಸಬಹುದು. ಅದಕ್ಕೆ ಕೆಳಸಾಲಿನ ಅಳತೆ ಸಾಮಾನ್ಯದ್ದಾಗಿರಬೇಕು: ಸ್ಪೇಸ್‌ಬಾರ್ 6.25 ಯೂನಿಟ್, ಅಂದರೆ ಒಂದು ಅಕ್ಷರದ ಕೀಯ ಆರೂಕಾಲು ಪಟ್ಟು. ಬಣ್ಣದ ದೀಪ, ಬ್ಲೂಟೂತ್, ಬ್ಯಾಟರಿ ಇವೆಲ್ಲ ಮೊದಲ ಸಲ ಬೇಡ. ಅದೇ ಬೆಲೆಗೆ ತಂತಿಯ ಕೀಬೋರ್ಡ್ ಕೊಂಡರೆ ಆ ದುಡ್ಡು ಸ್ವಿಚ್‌ಗೂ ಸ್ವಿಚ್‌ಗಳನ್ನು ಹಿಡಿದಿಡುವ ಪ್ಲೇಟ್‌ಗೂ ಸಲ್ಲುವ ಸಾಧ್ಯತೆ ಹೆಚ್ಚು.

ಡಬ್ಬ ಬಿಚ್ಚಿದ ದಿನವೇ, ವಾಪಸ್ ಕಳಿಸುವ ಅವಧಿ ಮುಗಿಯುವ ಮುನ್ನ ಎರಡು ಪರೀಕ್ಷೆ ಮಾಡಿ. ಎರಡೂ ಶಿಫ್ಟ್ ಒತ್ತಿ ಹಿಡಿದು ಎಲ್ಲ ಅಕ್ಷರಗಳನ್ನೂ ಟೈಪ್ ಮಾಡಿ. ಯಾವುದಾದರೂ ಬೀಳದಿದ್ದರೆ ಒಟ್ಟಿಗೆ ಹಲವು ಕೀ ಗುರುತಿಸುವ ಶಕ್ತಿ ಆ ಬೋರ್ಡ್‌ಗಿಲ್ಲ. ಆಮೇಲೆ ಪ್ರತಿ ಕೀಯನ್ನೂ ಹತ್ತು ಸಲ ನಿಧಾನವಾಗಿ ಒತ್ತಿ ಎಣಿಸಿ. ಹನ್ನೊಂದು ಬಂದರೆ ಒಳಗಿನ ಲೋಹದ ಎಲೆ ಅದುರುತ್ತಿದೆ ಎಂದರ್ಥ. ಹಾಟ್‌ಸ್ವಾಪ್ ಇದ್ದರೆ ಆ ಸ್ವಿಚ್ಚನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿ. ತೊಂದರೆ ಸ್ವಿಚ್ಚಿನ ಜೊತೆಗೇ ಹೋದರೆ ಅದೊಂದನ್ನು ಬದಲಿಸಿದರೆ ಸಾಕು. ಅದೇ ಜಾಗದಲ್ಲಿ ಉಳಿದರೆ ದೋಷ ಬೋರ್ಡಿನದು, ಅದನ್ನು ಇಟ್ಟುಕೊಳ್ಳದೆ ವಾಪಸ್ ಕಳಿಸಿ.