ಮಿರರ್‌ಲೆಸ್ ಕ್ಯಾಮೆರಾವೇ ವೆಬ್‌ಕ್ಯಾಮ್: ದೀರ್ಘ ಬಳಕೆಯ ನಂತರದ ಅಭಿಪ್ರಾಯ

ಮನೆಯಲ್ಲಿ ಈಗಾಗಲೇ ಮಿರರ್‌ಲೆಸ್ ಕ್ಯಾಮೆರಾ (ಒಳಗೆ ಕನ್ನಡಿಯಿಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಇದ್ದರೆ ಕಣ್ಣುಮುಚ್ಚಿ ಅದನ್ನೇ ವೆಬ್‌ಕ್ಯಾಮ್ ಮಾಡಿಕೊಳ್ಳಿ. ಇದಕ್ಕೆಂದೇ ಹೊಸದಾಗಿ ಕೊಳ್ಳುವ ಯೋಚನೆಯಿದ್ದರೆ, ಕ್ಯಾಮೆರಾಗಿಂತ ಮೊದಲು ವಿದ್ಯುತ್ತು, ಬಿಸಿ, ಕೇಬಲ್ ಈ ಮೂರರ ಬಗ್ಗೆ ತಿಳಿದುಕೊಳ್ಳಿ. ವರ್ಷಗಟ್ಟಲೆ ಆನ್‌ಲೈನ್‌ನಲ್ಲಿ ಪಾಠ ಮಾಡುತ್ತಾ ಬಂದವನಾಗಿ ಹೇಳುತ್ತಿದ್ದೇನೆ, ದಿನನಿತ್ಯ ಕಾಡುವುದು ಅವೇ.

ನನ್ನದು ಎಪಿಎಸ್-ಸಿ ಎಂಬ ಅಳತೆಯ ಸೆನ್ಸರಿನ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), 16 ಮಿ.ಮೀ. ಎಫ್ 1.4 ಲೆನ್ಸ್. ಚಿತ್ರ ಹಿಡಿಯುವ ಈ ಸೆನ್ಸರ್ ಸುಮಾರು 23.5×15.6 ಮಿ.ಮೀ. ಇದೆ. ವೆಬ್‌ಕ್ಯಾಮಿನದು ಇದರ ಮುಂದೆ ತೀರಾ ಚಿಕ್ಕದು. ಸಂಜೆಯ ಮಂದ ಬೆಳಕಿನಲ್ಲಿ ವೆಬ್‌ಕ್ಯಾಮ್ ಮುಖವನ್ನು ಮೇಣ ಬಳಿದಂತೆ ಮಾಡುವಾಗ, ಇದರಲ್ಲಿ ಹುಬ್ಬಿನ ಕೂದಲು ಬಿಡಿಬಿಡಿಯಾಗಿ ಕಾಣುತ್ತದೆ. ಹಿನ್ನೆಲೆ ಮಸುಕಾಗುವುದು ಲೆನ್ಸಿನಿಂದಲೇ, ಹಾಗಾಗಿ ಸಾಫ್ಟ್‌ವೇರ್ ಬ್ಲರ್‌ನಂತೆ ಕಿವಿ, ಹೆಡ್‌ಫೋನ್ ಅರ್ಧರ್ಧ ಮಾಯವಾಗುವುದಿಲ್ಲ. ಆದರೆ ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು ಎಫ್ 1.4ರಲ್ಲೇ ಇಟ್ಟರೆ ಸ್ವಲ್ಪ ಮುಂದೆ ಬಾಗಿದರೂ ಫೋಕಸ್ ಅಲುಗಾಡುತ್ತದೆ. ಕಿಂಡಿ ಕಿರಿದಾಗುವ ಎಫ್ 2.8 ನನಗೆ ಸರಿಹೋಗಿದೆ.

ಮೀಟಿಂಗ್ ಆ್ಯಪ್‌ಗಳು ಬಹಳ ಸಲ 720ಪಿ ಅಥವಾ ಅದಕ್ಕಿಂತ ಕಡಿಮೆ ಗುಣಮಟ್ಟದಲ್ಲೇ ಚಿತ್ರ ಕಳಿಸುತ್ತವೆ. 4ಕೆ ಇದ್ದರೂ ಇಲ್ಲಿ ಲಾಭವಿಲ್ಲ. ಬೆಳಕಿನ ನಯ, ಲೆನ್ಸಿನ ಆಳ ಮಾತ್ರ ಆಚೆ ಬದಿಗೆ ತಲುಪುತ್ತದೆ, ನನಗೆ ಬೇಕಾಗಿದ್ದದ್ದೂ ಅದೇ.

ಜೋಡಿಸುವ ದಾರಿ ಹಲವು. 2020ರಲ್ಲಿ ಕ್ಯಾನನ್, ಫ್ಯೂಜಿಫಿಲ್ಮ್, ಸೋನಿ ಎಲ್ಲರೂ ವೆಬ್‌ಕ್ಯಾಮ್ ಸಾಫ್ಟ್‌ವೇರ್ ಬಿಟ್ಟರು. ಈಚಿನ ಹಲವು ಮಾದರಿಗಳನ್ನು ಯುಎಸ್‌ಬಿಯಲ್ಲಿ ಚುಚ್ಚಿದರೆ ಸಾಕು, ಕಂಪ್ಯೂಟರೇ ಗುರುತಿಸುತ್ತದೆ. ನಾನು ಎಚ್‌ಡಿಎಂಐ ಕೇಬಲ್ ಮತ್ತು ಅದರ ಚಿತ್ರವನ್ನು ಕಂಪ್ಯೂಟರಿಗೆ ಕೊಡುವ ಕ್ಯಾಪ್ಚರ್ ಕಾರ್ಡ್ ಬಳಸುತ್ತೇನೆ. ಅಗ್ಗದ ಕಾರ್ಡಿನ ಡಬ್ಬಿಯ ಮೇಲೆ 4ಕೆ ಎಂದಿದ್ದರೆ ಅದು ಬಹುತೇಕ ಒಳಬರುವ ಸಿಗ್ನಲ್‌ನ ಮಾತು, ಕಂಪ್ಯೂಟರಿಗೆ ಹೋಗುವುದು 1080ಪಿಯೇ. ಬ್ಯಾಟರಿ ಗುರುತು, ಫೋಕಸ್ ಚೌಕ ಇಲ್ಲದ ಶುದ್ಧ ಚಿತ್ರ ಎಚ್‌ಡಿಎಂಐಯಿಂದ ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕೆಲವು ಬಾಡಿಗಳಲ್ಲಿ ಆ ಸೌಲಭ್ಯವೇ ಇರುವುದಿಲ್ಲ.

ಇನ್ನು ತೊಂದರೆಗಳು. ಬ್ಯಾಟರಿ ಉದ್ದನೆಯ ಮೀಟಿಂಗಿಗೆ ಸಾಲದು, ಬ್ಯಾಟರಿಯ ಜಾಗದಲ್ಲಿ ಕೂತು ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಕೊಡುವ ಡಮ್ಮಿ ಬ್ಯಾಟರಿ ಕೊಳ್ಳಲೇಬೇಕು. ಬೇಸಿಗೆಯ ಮಧ್ಯಾಹ್ನ ಬಾಡಿ ಕಾದು ಎಚ್ಚರಿಕೆ ಬರುತ್ತಿತ್ತು. ಮೆನುವಿನಲ್ಲಿ ಸ್ವಯಂ ಆಫ್ ಆಗುವ ತಾಪಮಾನವನ್ನು 'ಹೈ'ಗೆ ಇಟ್ಟು, ಹಿಂದಿನ ಪರದೆಯನ್ನು ಬಾಡಿಯಿಂದ ಬಿಡಿಸಿ ಇಟ್ಟಮೇಲೆ ನಿಂತಿತು. ಮೈಕ್ರೋ ಎಚ್‌ಡಿಎಂಐ ಪೋರ್ಟ್ ಮಾತ್ರ ತೀರಾ ನಾಜೂಕು: ನನ್ನದು ಸಡಿಲವಾಗಿ, ಕೇಬಲ್‌ಗೆ ಕೈ ತಾಗಿದರೆ ಪರದೆ ಕಪ್ಪಾಗುತ್ತಿತ್ತು. ಕೇಬಲನ್ನು ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ, ಅದರ ಭಾರ ಪೋರ್ಟ್ ಮೇಲೆ ಬೀಳದಂತೆ ಮಾಡಿಕೊಂಡಿದ್ದೇನೆ. ಇದನ್ನು ಮೊದಲ ದಿನವೇ ಮಾಡಿ.

ದನಿಯ ವಿಷಯಕ್ಕೆ ಹೆಚ್ಚು ಗಮನ ಬೇಕು. ಕಾರ್ಡಿನ ಮೂಲಕ ಬರುವ ಚಿತ್ರ ತುಸು ತಡವಾಗುವುದರಿಂದ, ಕಂಪ್ಯೂಟರಿಗೆ ನೇರ ಹಾಕಿದ ಮೈಕಿನ ಮಾತು ತುಟಿಗಿಂತ ಮುಂದೆ ಓಡುತ್ತದೆ. ಒಬಿಎಸ್ ಎಂಬ ವಿಡಿಯೋ ಸಾಫ್ಟ್‌ವೇರಿನಲ್ಲಿ ಮೈಕನ್ನು ತಡಮಾಡಬಹುದು, ಆದರೆ ಮೀಟಿಂಗ್ ಆ್ಯಪಿಗೆ ಕ್ಯಾಮೆರಾದಂತೆ ಕಾಣುವ ಅದರ ವರ್ಚುವಲ್ ಕ್ಯಾಮೆರಾ ಚಿತ್ರವನ್ನಷ್ಟೇ ಕಳಿಸುತ್ತದೆ, ದನಿಗೆ ಬೇರೆ ವ್ಯವಸ್ಥೆ ಬೇಕು. ಮೈಕನ್ನು ಕ್ಯಾಮೆರಾದ ಜ್ಯಾಕಿಗೇ ಚುಚ್ಚುವುದು ಎಲ್ಲಕ್ಕಿಂತ ಸಲೀಸು. ದನಿ, ಚಿತ್ರ ಎರಡೂ ಒಂದೇ ಎಚ್‌ಡಿಎಂಐಯಲ್ಲಿ ಒಟ್ಟಿಗೆ ಬರುತ್ತವೆ. ಆ್ಯಪಿನಲ್ಲಿ ಮೈಕ್ ಎಂದು ಕಾರ್ಡನ್ನೇ ಆರಿಸಿ.

ಎಲ್‌ಇಡಿ ದೀಪ ಮಿನುಗುತ್ತಿದ್ದರೆ, 50 ಹರ್ಟ್ಸ್ ವಿದ್ಯುತ್ ಇರುವ ಕಡೆ ಶಟರ್ ವೇಗ 1/50 ಸೆಕೆಂಡಿಗೆ ಇಡಿ. ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಬೇಡಿ. ಮಾನಿಟರಿನಲ್ಲಿ ಸ್ಲೈಡ್ ಬದಲಾದಾಗಲೆಲ್ಲ ಮುಖದ ಬಣ್ಣವೂ ಬದಲಾಗುತ್ತದೆ.

ಶಟರ್ ಸವೆಯುತ್ತದೆಯೇ ಎಂದು ಹಲವರು ಕೇಳುತ್ತಾರೆ. ಇಲ್ಲ. ಲೈವ್ ಚಿತ್ರ ಬರುವಾಗ ಮೆಕ್ಯಾನಿಕಲ್ ಶಟರ್ ತೆರೆದೇ ಇರುತ್ತದೆ, ಪ್ರತಿ ಫ್ರೇಮಿಗೂ ಬಡಿಯುವುದಿಲ್ಲ. ನನ್ನ ಕ್ಯಾಮೆರಾದಲ್ಲಿ ಈಗಲೂ ಫೋಟೋ ಮೊದಲಿನಷ್ಟೇ ಚೆನ್ನಾಗಿ ಬರುತ್ತವೆ.